ಬುಲೆಟ್‌ನ ಉಪವಾಸ

ನನ್ನ ಪ್ಯಾಂಟಿನಲ್ಲಿ ಯಾವಾಗಲೂ ಎರಡು ಕರವಸ್ತ್ರ ಇರುತ್ತವೆ. ಬಲಗಡೆ ಜೇಬಿನದು ನನ್ನದು, ಎಡಗಡೆಯದು ಬುಲೆಟ್‌ನದು. ವ್ಯವಸ್ಥೆ ಹೇಳುವುದಕ್ಕೆ ಚೆನ್ನಾಗಿದೆ. ಆದರೆ ಮೊನ್ನೆ ವಲಯ ಕಚೇರಿಯ ದೊಡ್ಡ ಸಾಹೇಬರು ನಮ್ಮ ಶಾಖೆಗೆ ಬಂದು, ಠೇವಣಿ ಯಾಕೆ ಏರುತ್ತಿಲ್ಲ ಎಂದು ಎದುರು ಕೂತು ವಿಚಾರಿಸುತ್ತಿದ್ದಾಗ, ಬೆವರಿದ ಹಣೆಗೆ ನಾನು ಎಡಗಡೆಯದನ್ನೇ ಒತ್ತಿಕೊಂಡೆ. ಜೊಲ್ಲು ಒಣಗಿ ಹಪ್ಪಳವಾಗಿದ್ದ ಬಟ್ಟೆ ಅದು. ಸಾಹೇಬರು ಮೂಗು ಅರಳಿಸಿ ಕಿಟಕಿಯ ಕಡೆ ನೋಡಿದರು. ನಾನೂ ಅತ್ತಲೇ ನೋಡಿದೆ, ವಾಸನೆ ಹೊರಗಿನಿಂದ ಬರುತ್ತಿದೆ ಎಂಬಂತೆ. ಬ್ಯಾಂಕಿನಲ್ಲಿ ಇಷ್ಟು ವರ್ಷ ದುಡಿದವನಿಗೆ ಅಷ್ಟಾದರೂ ಬರಬೇಕಲ್ಲ.

ಬುಲೆಟ್ ಎಂದರೆ ನಮ್ಮ ಮನೆಯ ಬುಲ್‌ಡಾಗ್. ಆ ಹೆಸರನ್ನು ನಾವಿಟ್ಟಿದ್ದಲ್ಲ, ಬರುವಾಗಲೇ ಅಂಟಿಸಿಕೊಂಡು ಬಂದಿದ್ದ. ಗುಂಡಿನ ವೇಗಕ್ಕೂ ಅವನಿಗೂ ಯಾವ ಸಂಬಂಧವೂ ಇಲ್ಲ. ಕೋಣೆಯ ಈ ಮೂಲೆಯಿಂದ ಆ ಮೂಲೆಗೆ ಹೋಗುವುದಿದ್ದರೆ ನಡುವೆ ಒಮ್ಮೆ ಕೂತು ಸುಧಾರಿಸಿಕೊಳ್ಳುತ್ತಾನೆ. ಇವನ ಪೂರ್ವಜರು ವಿಲಾಯತಿಯಲ್ಲಿ ಹೋರಿಗಳ ಮೂಗಿಗೆ ಬಾಯಿ ಹಾಕುತ್ತಿದ್ದರಂತೆ. ಇವನು ಪಾರಿವಾಳ ಕಂಡರೆ ನನ್ನ ಕಾಲಿನ ಹಿಂದೆ ಬರುತ್ತಾನೆ.

ನಾನು ಹುಟ್ಟಿ ಬೆಳೆದ ವಿಜಯಪುರದ ಓಣಿಯಲ್ಲಿ ನಾಯಿ ಸಾಕುವುದು ಎಂಬ ಮಾತೇ ಇರಲಿಲ್ಲ. ನಾಯಿ ಇರುತ್ತಿತ್ತು, ಅಷ್ಟೆ. ನಮ್ಮ ಮನೆಯ ಕಟ್ಟೆಯ ಕೆಳಗಿದ್ದ ಕರಿಯಾ ಎಂಬ ನಾಯಿಗೆ ದಿನಾ ಮಧ್ಯಾಹ್ನ ಒಂದು ಒಣ ಜೋಳದ ಭಕ್ಕರಿ ಬೀಳುತ್ತಿತ್ತು. ಅದಕ್ಕೆ ಜ್ವರ ಬಂದರೆ ಅದೇ ಎಲ್ಲೋ ಹೋಗಿ ಹುಲ್ಲು ತಿಂದು ವಾಸಿ ಮಾಡಿಕೊಂಡು ಬರುತ್ತಿತ್ತು. ಅಂಥ ಓಣಿಯಿಂದ ಬಂದ ನಾನು ಈಗ ಬೆಳಗ್ಗೆ ಎದ್ದು, ಹತ್ತಿಯುಂಡೆ ಹಿಡಿದು, ಒಂದು ನಾಯಿಯ ಮುಖದ ಮಡಿಕೆಗಳನ್ನು ಒಂದೊಂದಾಗಿ ಬಿಡಿಸಿ ಒರೆಸುತ್ತೇನೆ. ಒದ್ದೆ ಉಳಿದರೆ ಅಲ್ಲಿ ಹುಣ್ಣಾಗುತ್ತದೆ. ಮೂಗಿಗೆ ಒಂದು ಮುಲಾಮು, ಪಾದಕ್ಕೆ ಇನ್ನೊಂದು. ಬಾಲ ಎಂಬ ಗಂಟಿನ ಕೆಳಗೆ ಒಂದು ಚಿಕ್ಕ ಸಂದು ಇದೆ, ಅದನ್ನೂ ಸ್ವಚ್ಛ ಮಾಡಬೇಕು. ಚಿಕ್ಕಂದಿನಲ್ಲಿ ನನ್ನ ಮುಖವನ್ನು ಅವ್ವ ಸೆರಗಿನ ತುದಿಯಿಂದ ಒಂದು ಸಲ ಬರ್ರನೆ ಎಳೆದರೆ ಮುಗಿಯುತ್ತಿತ್ತು.

ಅವನು ನಮ್ಮ ಪಾಲಿಗೆ ಬಂದದ್ದು ನಾಸಿಕದಲ್ಲಿ. ಆಗ ನಾನು ಸಾತಪುರದ ಕಾರ್ಖಾನೆಗಳ ನಡುವಿನ ಶಾಖೆಯಲ್ಲಿದ್ದೆ. ದಿಂಡೋರಿ ಕಡೆಯ ದ್ರಾಕ್ಷಿ ತೋಟದ ಸಾಹುಕಾರರೊಬ್ಬರು ನಮ್ಮ ಗ್ರಾಹಕರು. ದೊಡ್ಡ ಬಂಗಲೆ, ದೊಡ್ಡ ಗಾಡಿ, ಅದಕ್ಕೆ ಒಪ್ಪುವ ನಾಯಿ ಬೇಕೆಂದು ಬುಲ್‌ಡಾಗ್ ತಂದಿದ್ದರು. ತಂದ ಮೇಲೆ ಇದು ಬೊಗಳುವುದಿಲ್ಲ, ಗೊರಕೆ ಮಾತ್ರ ಹೊಡೆಯುತ್ತದೆ ಎಂದು ತಿಳಿಯಿತು. ತೋಟಕ್ಕೆ ಔಷಧಿ ಹೊಡೆಯುವ ದಿನಗಳು, ನಾಯಿಗೆ ಆಗಿಬರುವುದಿಲ್ಲ, ಸ್ವಲ್ಪ ದಿನ ನಿಮ್ಮಲ್ಲಿ ಇರಲಿ ಎಂದರು. ಗ್ರಾಹಕರಿಂದ ಉಡುಗೊರೆ ತೆಗೆದುಕೊಳ್ಳುವುದಕ್ಕೆ ನಮ್ಮ ನಿಯಮದಲ್ಲಿ ಅವಕಾಶವಿಲ್ಲ. ಆದರೆ ಗ್ರಾಹಕರ ವಸ್ತುವನ್ನು ಭದ್ರವಾಗಿ ಇಟ್ಟುಕೊಳ್ಳುವುದು ನಮ್ಮ ಉದ್ಯೋಗವೇ. ಹಾಗೆ ಬಂದ ಬುಲೆಟ್‌ನನ್ನು ಬಿಡಿಸಿಕೊಂಡು ಹೋಗಲು ಇವತ್ತಿನವರೆಗೂ ಯಾರೂ ಬಂದಿಲ್ಲ.

ಅವ್ವ ಅವನನ್ನು ಮೊದಲ ಸಲ ನೋಡಿದಾಗ ಕನ್ನಡಕ ಒರೆಸಿ ಹಾಕಿಕೊಂಡು ಅವನ ಮುಖವನ್ನೇ ದಿಟ್ಟಿಸಿದಳು. ಆಮೇಲೆ, "ಇದರ ಮಾರಿ ಯಾರ ತುಳದಾರೋ ಗೋವಿಂದ" ಎಂದು ನನ್ನನ್ನು ಕೇಳಿದಳು.

ನಮ್ಮ ಅವ್ವ ಮಡಿ ಹೆಂಗಸು. ಏಕಾದಶಿ ಎಂದರೆ ನೀರನ್ನೂ ಮುಟ್ಟದ ಪೈಕಿ. ಅಡುಗೆಮನೆಯಲ್ಲಿ ಅವಳ ನೀರಿನ ತಾಮ್ರದ ಕೊಡ ಬೇರೆ, ಅದರ ನೆರಳಿನಲ್ಲಿ ಹಾದುಹೋದರೂ ನನಗೆ ಬೈಗುಳ. ನಾಯಿ ವರಾಂಡ ದಾಟಿ ಒಳಗೆ ಬರಕೂಡದು ಎಂದು ಅವಳು ಹೇಳಿದಳು, ಬುಲೆಟ್ ದಾಟಿದ. ಪೂಜೆಯ ಕೋಣೆಯ ಹೊಸ್ತಿಲು ದಾಟಕೂಡದು ಎಂದಳು, ಅಲ್ಲಿಗೆ ಅವನು ಒಪ್ಪಿದ. ಅವ್ವ ಅವನನ್ನು ಮುಟ್ಟಲಿಲ್ಲ, ಆದರೆ ದಿನವಿಡೀ ಅವನ ಜೊತೆ ಮಾತಾಡತೊಡಗಿದಳು. ಇಬ್ಬರಿಗೂ ಮೊಣಕಾಲು ನೋವು, ಇಬ್ಬರಿಗೂ ಸೆಕೆ ಆಗದು, ಊಟವಾದ ಮೇಲೆ ಇಬ್ಬರ ಗೊರಕೆಯೂ ಒಟ್ಟಿಗೇ ಏಳುತ್ತಿತ್ತು. ನನ್ನ ಮಗಳು ಮೈತ್ರಿ ನಾಸಿಕದಲ್ಲೇ ಬೆಳೆದವಳು. ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಮರಾಠಿಯಲ್ಲಿ. ಬುಲೆಟ್ ಕೂಡ ಹೆಚ್ಚುಕಡಿಮೆ ಅದೇ ಶಾಲೆಯವನು. ಮೊಮ್ಮಗಳಿಗಿಂತ ನಾಯಿಯೇ ಹೇಳಿದ ಮಾತು ಬೇಗ ಕೇಳುತ್ತದೆ ಎಂದು ಅವ್ವ ಊರಿನವರಿಗೆಲ್ಲ ಫೋನ್ ಮಾಡಿ ಹೇಳಿದಳು.

ಆಮೇಲೆ ನನಗೆ ಛತ್ರಪತಿ ಸಂಭಾಜಿನಗರಕ್ಕೆ ವರ್ಗವಾಯಿತು. ಬ್ಯಾಂಕಿನವರು ವರ್ಗ ಮಾಡುವುದು ಯಾವಾಗಲೂ ಬಿಸಿಲು ನೆತ್ತಿ ಸುಡುವ ಕಾಲದಲ್ಲಿ. ಯೇವಲಾ, ವೈಜಾಪುರದ ದಾರಿಯುದ್ದಕ್ಕೂ ಗಾಡಿಯ ಎಸಿಯ ಎಲ್ಲ ಮುಖಗಳನ್ನೂ ನಾಯಿಯ ಕಡೆ ತಿರುಗಿಸಿ, ಅವನ ಮೈಮೇಲೆ ಒದ್ದೆ ಟವೆಲ್ ಹೊದಿಸಿ, ನಾವು ಬೆವರುತ್ತ ಕೂತಿದ್ದೆವು. ಅವನು ವರ್ಗಾವಣೆಯಾದ ದೊಡ್ಡ ಅಧಿಕಾರಿ, ನಾವು ಅವನ ಸಾಮಾನು ಎಂದು ನನ್ನ ಹೆಂಡತಿ ಸುಧಾ ಅಂದಳು. ಆ ದಿನ ಅದು ತಮಾಷೆಯಾಗಿಯೇ ಕೇಳಿಸಿತು.

ಸಂಭಾಜಿನಗರದಲ್ಲಿ ನಮಗೆ ಸಿಕ್ಕಿದ್ದು ಜೋಶಿಯವರ ಮನೆಯ ಹಿಂಭಾಗ. ಮುಂಭಾಗದಲ್ಲಿ ಜೋಶಿ ಕಾಕಾ ಮತ್ತು ಅವರ ಹೆಂಡತಿ ಕಾಕು ಇದ್ದರು, ನಡುವೆ ಎರಡೂ ಮನೆಗೆ ಸೇರಿದ ಒಂದು ಪಡಸಾಲೆ. ಮನೆ ಗೊತ್ತು ಮಾಡುವಾಗ ನಾನು ನಾಯಿಯ ವಿಷಯ ಎತ್ತಿರಲಿಲ್ಲ, ಅವರೂ ಕೇಳಿರಲಿಲ್ಲ. ಸಾಮಾನು ಇಳಿಸುವಾಗ ಕಾಕಾ ಬುಲೆಟ್‌ನನ್ನು ನೋಡಿದರು. ಸಭ್ಯ ಮನುಷ್ಯ, ಜಗಳ ಮಾಡಲಿಲ್ಲ. ನಾಯಿಯನ್ನು ಎಲ್ಲಾದರೂ ಬಿಟ್ಟು ಬನ್ನಿ, ಇಲ್ಲವೇ ತಿಂಗಳ ಕೊನೆಗೆ ಬೇರೆ ಮನೆ ನೋಡಿಕೊಳ್ಳಿ ಎಂದಷ್ಟೇ ಹೇಳಿ ಒಳಗೆ ಹೋದರು.

ನಾವು ಮನೆ ಹುಡುಕುತ್ತಿರುವಾಗಲೇ ಮೊದಲ ಗುರುವಾರ ಬಂತು. ಜೋಶಿ ಕಾಕು ದತ್ತನ ಭಕ್ತೆ. ಗುರುವಾರ ಸಂಜೆ ಅವರ ಹಜಾರದಲ್ಲಿ ಬಡಾವಣೆಯ ಹೆಂಗಸರು ಸೇರಿ ಆರತಿ ಮಾಡುತ್ತಾರೆ. ಅವರ ನೆಲ ಅಮೃತಶಿಲೆಯದು, ಕಿಟಕಿಯಲ್ಲಿ ಊರಿನಲ್ಲೇ ದೊಡ್ಡದೆನ್ನುವಂಥ ಕೂಲರ್. ನಮ್ಮ ಭಾಗದಲ್ಲಿ ಸೆಕೆ ತಡೆಯಲಾರದ ಬುಲೆಟ್, ಪಡಸಾಲೆ ದಾಟಿ, ಹೆಂಗಸರ ನಡುವೆ ನುಸುಳಿ, ತಣ್ಣನೆಯ ನೆಲದ ಮೇಲೆ ನಾಲ್ಕೂ ಕಾಲು ಚಾಚಿ, ಗದ್ದ ಊರಿ, ಹೊಟ್ಟೆ ಅಂಟಿಸಿ ಕಣ್ಣು ಮುಚ್ಚಿದ. ಅವನ ಮುಂದೆ ಸರಿಯಾಗಿ ದತ್ತನ ಪಟ. ಪಟದಲ್ಲಿ ದತ್ತನ ಕಾಲ ಬಳಿ ನಾಲ್ಕು ನಾಯಿಗಳು. ಆರತಿ ಏರಿದಂತೆ ಬುಲೆಟ್‌ನ ಗೊರಕೆಯೂ ತಾಳ ಹಿಡಿದು ಏರಿತು. ಕಾಕು ಆರತಿಯ ತಟ್ಟೆ ಹಿಡಿದುಕೊಂಡೇ ಕಣ್ಣೀರು ಹಾಕಿದರು.

ಮರುದಿನದಿಂದ ಕಾಕಾ ಮನೆ ಖಾಲಿ ಮಾಡುವ ಮಾತೆತ್ತಲಿಲ್ಲ. ಬುಲೆಟ್‌ಗೆ ಸಾಷ್ಟಾಂಗ ಬರುತ್ತದೆ ಎಂಬ ಸುದ್ದಿ ಬಡಾವಣೆಯ ಕೊನೆಯ ಓಣಿಯವರೆಗೂ ಹೋಯಿತು. ಎಲ್ಲ ಬುಲ್‌ಡಾಗ್‌ಗಳೂ ಸೆಕೆಗೆ ಹಾಗೇ ಮಲಗುತ್ತವೆ ಎಂದು ಸುಧಾ ಒಂದಿಬ್ಬರಿಗೆ ಹೇಳಿ ನೋಡಿದಳು. ಕೇಳಿದವರು ಅವಳನ್ನು ಕನಿಕರದಿಂದ ನೋಡಿ ಹೋದರು. ಅವ್ವ ಮಾತ್ರ ಅಂದಿನಿಂದ ಅವನನ್ನು ಬೇರೆ ಕಣ್ಣಿನಿಂದ ನೋಡತೊಡಗಿದಳು. ಮದುವೆಯಾದ ಹೊಸತರಲ್ಲಿ ದತ್ತನ ಕ್ಷೇತ್ರ ಗಾಣಗಾಪುರಕ್ಕೆ ಹೋದಾಗ ಪಾದುಕೆಯ ಮುಂದೆ ಹೀಗೇ ಮಲಗಿದ್ದ ನಾಯಿಯನ್ನು ನೋಡಿದ್ದೇನೆ ಎಂದಳು. ಈ ಕಥೆಯನ್ನು ನಾನು ಆವರೆಗೆ ಕೇಳಿರಲಿಲ್ಲ.

ಆಮೇಲಿನ ಗುರುವಾರಗಳನ್ನು ಏನು ಹೇಳಲಿ. ಒಬ್ಬರು ಪೇಢಾ ತಂದರು. ಇನ್ನೊಬ್ಬರ ಮಗನಿಗೆ ಕೆಲಸ ಸಿಕ್ಕಿತೆಂದು ತುಪ್ಪ ಸುರಿದ ಶಿರಾ ಬಂತು. ಶ್ರಾವಣದಲ್ಲಿ ಹೂರಣದ ಹೋಳಿಗೆ, ದತ್ತಜಯಂತಿಗೆ ಲಾಡು. ಬುಲೆಟ್ ಎಲ್ಲವನ್ನೂ ಸಮಭಾವದಿಂದ ಸ್ವೀಕರಿಸಿದ. ತಿಂದ ಮೇಲೆ ಅವನು ಬಿಡುವ ನಿಟ್ಟುಸಿರನ್ನು ಆಶೀರ್ವಾದ ಎಂದು ಎಣಿಸಿದರು. ಅವನು ಇನ್ನೊಂದು ಬಗೆಯ ಗಾಳಿಯನ್ನೂ ಬಿಡುತ್ತಾನೆ, ಬುಲ್‌ಡಾಗ್ ಸಾಕಿದವರಿಗೆ ಅದು ಗೊತ್ತು. ಭಕ್ತರು ಅದನ್ನು ಊದುಬತ್ತಿ ಹೆಚ್ಚಿಸಿ ನಿಭಾಯಿಸಿದರು. ಊರಿನಿಂದ ಬಂದ ನೆಂಟರಿಗೆ ಮೊದಲು ವೇರೂಳಿನ ಗುಹೆ, ಘೃಷ್ಣೇಶ್ವರನ ದರ್ಶನ, ಮರಳಿ ಬಂದ ಮೇಲೆ ನಮ್ಮ ಪಡಸಾಲೆಯಲ್ಲಿ ಬುಲೆಟ್‌ನ ದರ್ಶನ ಎಂಬ ಕ್ರಮವನ್ನು ಅವ್ವನೇ ಗೊತ್ತುಮಾಡಿದಳು.

ನನ್ನ ಸ್ಥಾನಮಾನವೂ ಬದಲಾಯಿತು. ಬ್ಯಾಂಕಿನ ಸಾಹೇಬ ಎಂದು ಯಾರೂ ತಿರುಗಿ ನೋಡದಿದ್ದ ಬಡಾವಣೆಯಲ್ಲಿ ನಾನು ಬುಲೆಟ್ ಮಹಾರಾಜರ ಮನೆಯವನಾದೆ. ಅದುವರೆಗೆ ನಮ್ಮ ಶಾಖೆಯ ಮೆಟ್ಟಿಲು ಹತ್ತದವರು ಬಂದು ಖಾತೆ ತೆರೆದರು. ನನ್ನ ನಾಯಿ ದೇವರು ಎಂದು ನಾನು ಯಾರಿಗೂ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಅಂಥ ಪ್ರಶ್ನೆಗಳಿಗೆ ಮೇಲಿನವರ ಅಭಿಪ್ರಾಯ ಬರುವವರೆಗೆ ಕಾಯುವುದು ನಮ್ಮ ಕಚೇರಿಯ ಪದ್ಧತಿ.

ಚಳಿ ಇಳಿಯುವ ಹೊತ್ತಿಗೆ ಬುಲೆಟ್‌ಗೆ ಕುತ್ತಿಗೆ ಎಂಬುದು ಉಳಿದಿರಲಿಲ್ಲ. ನಾಲ್ಕು ಹೆಜ್ಜೆಗೆ ಏದುಸಿರು. ಸುಧಾ ನನ್ನ ಮಾತಿಗೆ ಕಾಯದೆ ಅವನನ್ನು ಪಶುವೈದ್ಯೆಯ ಹತ್ತಿರ ಕರೆದೊಯ್ಯಲು ಗಾಡಿ ತೆಗೆಸಿದಳು. ಚುರುಕು ಹೆಂಗಸು ಆ ಡಾಕ್ಟರ್. ಅವನ ಬಾಯಿ ತೆರೆದು, ಎದೆ ಕೇಳಿ, ಮೂಗಿನ ಹೊಳ್ಳೆಗಳನ್ನು ನನಗೆ ತೋರಿಸಿದರು. ಸಾಬುದಾಣಿ ಕಾಳು ತೂರದಷ್ಟು ಸಣ್ಣ. ಈ ಜಾತಿಗೆ ಹುಟ್ಟಿನಿಂದಲೇ ಉಸಿರು ಕಷ್ಟ, ಕೊಬ್ಬು ಗಂಟಲಿನ ಮೇಲೆ ಕೂತರೆ ಈ ಊರಿನ ಬೇಸಿಗೆಯನ್ನು ಇವನು ದಾಟುವುದಿಲ್ಲ ಎಂದು ಹಿಂದಿಯಲ್ಲಿ ನೇರವಾಗಿ ಹೇಳಿದರು. ಸಿಹಿ ಪೂರ್ತಿ ಬಂದ್. ಬೇಯಿಸಿದ ಮೊಟ್ಟೆ, ಬೇಯಿಸಿದ ಕೋಳಿ, ಸೌತೆಕಾಯಿ, ಬೆಳಗ್ಗೆ ಬಿಸಿಲಿಗೆ ಮುಂಚೆ ನಡಿಗೆ. ನಾವು ಮೊಟ್ಟೆ ಮುಟ್ಟದವರು ಎಂದೆ. ನಾನು ನಿಮಗೆ ಬರೆದುಕೊಡುತ್ತಿಲ್ಲ ಎಂದರು.

ಗಾಡಿಯಲ್ಲಿ ಮರಳುವಾಗ ನನಗೆ ನಿಜವಾಗಿ ಹೆದರಿಕೆಯಾಯಿತು. ಬುಲೆಟ್ ನನ್ನ ತೊಡೆಯ ಮೇಲೆ ತಲೆಯಿಟ್ಟು ಗರಗರ ಎನ್ನುತ್ತಿದ್ದ. ಅವನಿಲ್ಲದ ಮನೆ ಹೇಗಿರಬಹುದು ಎಂದು ಯೋಚಿಸಹೋದೆ, ಆಗಲಿಲ್ಲ.

ಡಾಕ್ಟರರು ಹೇಳಿದ್ದನ್ನು ಬಡಾವಣೆಗೆ ತಿಳಿಸಿದೆ. ಕಾಕು ನಕ್ಕುಬಿಟ್ಟರು. ಪ್ರಸಾದದಿಂದ ಯಾರಿಗಾದರೂ ಕೆಟ್ಟದ್ದಾಗುತ್ತದೆಯೇ ಎಂದು ಉಳಿದವರು ನನ್ನನ್ನೇ ಕೇಳಿದರು. ಗುರುವಾರ ಮತ್ತೆ ಶಿರಾ ಬಂತು. ಸುಧಾ ಬಾಗಿಲಿಗೆ ಅಡ್ಡ ನಿಂತು ಬೇಡ ಎಂದದ್ದಕ್ಕೆ, ದೇವರ ತುತ್ತಿಗೆ ಅಡ್ಡ ಬರುವ ಹೆಂಗಸು ಎಂಬ ಮಾತು ಅವಳ ಬೆನ್ನ ಹಿಂದೆ ಹುಟ್ಟಿತು.

ಆಗ ಉಪಾಯ ಹೊಳೆದದ್ದು ಅವ್ವನಿಗೆ. ಡಾಕ್ಟರರ ಮಾತು ಕೇಳದವರು ವ್ರತದ ಮಾತು ಕೇಳಿಯೇ ಕೇಳುತ್ತಾರೆ. ಬುಲೆಟ್ ಉಪವಾಸ ಹಿಡಿದಿದ್ದಾನೆ, ಬೇಸಿಗೆ ಮುಗಿಯುವ ತನಕ ಅವನಿಗೆ ಯಾರೂ ಏನೂ ಕೊಡಬಾರದು ಎಂದು ಅವಳು ಪಡಸಾಲೆಯಲ್ಲಿ ನಿಂತು ಸಾರಿದಳು. ಹೆಂಗಸರು ಕೈಮುಗಿದರು. ಅವ್ವ ಗೆದ್ದ ಮುಖ ಮಾಡಿಕೊಂಡು ಒಳಗೆ ಬಂದಳು. ನಾನೂ ನಿರಾಳವಾಗಿ ಉಸಿರು ಬಿಟ್ಟೆ.

ನಮ್ಮಿಬ್ಬರ ಲೆಕ್ಕವೂ ತಪ್ಪಿತ್ತು. ಇಷ್ಟು ವರ್ಷ ಈ ನಾಡಿನ ನೀರು ಕುಡಿದರೂ ನಾವು ಒಂದು ವಿಷಯ ಮರೆತಿದ್ದೆವು. ನಮ್ಮ ಅವ್ವನ ಉಪವಾಸವೆಂದರೆ ಒಲೆ ಹಚ್ಚದಿರುವುದು. ಇಲ್ಲಿನ ಉಪವಾಸವೆಂದರೆ ಒಲೆ ಆರಿಸದಿರುವುದು. ಮುಂದಿನ ಗುರುವಾರ ಸಾಬುದಾಣಿ ಖಿಚಡಿ ಬಂತು, ಶೇಂಗಾ ಪುಡಿ ಹಾಕಿ, ತುಪ್ಪದಲ್ಲಿ ಹೊರಳಿಸಿದ್ದು. ಅದರ ಹಿಂದೆ ರಾಜಗಿರಿ ಲಾಡು, ತುರಿದು ಹುರಿದ ಆಲೂಗಡ್ಡೆಯ ಕೀಸು, ಬೆಲ್ಲದಲ್ಲಿ ಬೇಯಿಸಿದ ಗೆಣಸು. ಮೊದಲು ಗುರುವಾರಕ್ಕೆ ಮಾತ್ರ ಬರುತ್ತಿದ್ದವರು, ಪಾಪ, ಉಪವಾಸವಿರುವ ಜೀವ ಎಂದು ಈಗ ದಿನಾ ಬಂದರು. ಬೆಳಗಿನ ನಡಿಗೆಗೆ ಹೊರಟರೆ ಗೇಟು ಗೇಟಿನಲ್ಲಿ ಬಟ್ಟಲು ಹಿಡಿದು ನಿಂತಿರುತ್ತಿದ್ದರು. ಉಪವಾಸ ಮಾಡಿ ಬುಲೆಟ್ ಇನ್ನಷ್ಟು ದಪ್ಪಗಾದ.

ಏಪ್ರಿಲ್‌ನ ಒಂದು ಮಧ್ಯಾಹ್ನ ಕರೆಂಟು ಹೋಯಿತು. ನಾನು ಬ್ಯಾಂಕಿನಲ್ಲಿದ್ದೆ, ಸುಧಾ ಮಗಳನ್ನು ಕರೆದುಕೊಂಡು ಪೇಟೆಗೆ ಹೋಗಿದ್ದಳು. ಮನೆಯಲ್ಲಿ ಅವ್ವ ಮತ್ತು ಬುಲೆಟ್ ಇಬ್ಬರೇ. ಕೂಲರ್ ನಿಂತು ಸ್ವಲ್ಪ ಹೊತ್ತಿಗೆಲ್ಲ ಅವನ ಉಸಿರು ಗರಗಸ ಎಳೆದಂತಾಯಿತಂತೆ. ನಾಲಿಗೆ ನೇರಳೆ ಬಣ್ಣಕ್ಕೆ ತಿರುಗಿತಂತೆ. ಈ ಊರಿನಲ್ಲಿ ನಳಕ್ಕೆ ನೀರು ಬರುವುದು ಯಾವಾಗಲೋ ಒಮ್ಮೆ, ಅಂದು ಹಿತ್ತಲ ಡ್ರಮ್ ಬರಿದಾಗಿತ್ತು. ಅವ್ವ ನನಗೆ ಫೋನ್ ಮಾಡಿ, "ಲಗೂನ ಬಾರೋ" ಎಂದಷ್ಟೇ ಹೇಳಿ ಇಟ್ಟಳು.

ನಾನು ಓಡಿಬಂದಾಗ ಅವ್ವ ಒದ್ದೆ ನೆಲದಲ್ಲಿ ಕೂತಿದ್ದಳು. ಬುಲೆಟ್‌ನ ತಲೆ ಅವಳ ತೊಡೆಯ ಮೇಲಿತ್ತು. ಪಕ್ಕದಲ್ಲಿ ಅವಳ ಮಡಿಯ ತಾಮ್ರದ ಕೊಡ ಬರಿದಾಗಿ ಉರುಳಿತ್ತು. ಅವಳು ಬೀಸಣಿಗೆಯಿಂದ ಅವನ ಮೂಗಿಗೆ ಗಾಳಿ ಹಾಕುತ್ತ, ಗಾಣಗಾಪುರದ ಹೆಸರನ್ನೂ ಎತ್ತದೆ, ಉಸರಾಡೋ ನಮ್ಮಪ್ಪಾ, ಉಸರಾಡು ಎನ್ನುತ್ತಿದ್ದಳು.

ಬದುಕಿದ. ಡಾಕ್ಟರರು ಸಲೈನು ಹಚ್ಚಿ, ಮೈಗೆಲ್ಲ ಐಸು ಒತ್ತಿ, ಸಂಜೆಯ ಹೊತ್ತಿಗೆ ಅವನ ನಾಲಿಗೆಯನ್ನು ಮತ್ತೆ ಕೆಂಪು ಮಾಡಿದರು. ಇನ್ನೊಮ್ಮೆ ಹೀಗಾದರೆ ನನ್ನ ಹತ್ತಿರ ತರಬೇಡಿ, ಉಪಯೋಗವಿಲ್ಲ ಎಂದರು. ಮನೆಗೆ ಬಂದ ಮೇಲೆ ಅವ್ವ ತಾಮ್ರದ ಕೊಡವನ್ನು ಹುಣಿಸೆ ಹಚ್ಚಿ ತಿಕ್ಕುತ್ತ ಕೂತಳು. ಬುಲೆಟ್‌ಗೆ ಸಾವಿನ ಗಂಡಾಂತರ ಕಳೆಯಿತೆಂದು ಈ ಗುರುವಾರ ವಿಶೇಷ ಆರತಿ ಇಟ್ಟುಕೊಂಡಿದ್ದೇವೆ, ಐವತ್ತಾರು ಬಗೆಯ ನೈವೇದ್ಯ ಮಾಡೋಣ ಎಂದು ಜೋಶಿ ಕಾಕು ಬಂದು ಹೇಳಿದರು. ಅವ್ವ ತಲೆಯಾಡಿಸಿದಳು.

ಗುರುವಾರ ಬೆಳಗ್ಗೆ ಅವಳು ಮೈತ್ರಿಯನ್ನು ಮೂಲೆಗೆ ಕರೆದು ಏನೋ ಹೇಳಿ ಅಂಗಡಿಗೆ ಕಳಿಸಿದ್ದು ನನಗೆ ಗೊತ್ತಿರಲಿಲ್ಲ. ಹಿತ್ತಲಲ್ಲಿ ಹಳೆಯ ಪಾತ್ರೆಯೊಂದು ಸ್ಟೋವಿನ ಮೇಲೆ ಕುದಿಯುತ್ತಿದ್ದದ್ದನ್ನು ನೋಡಿದೆ, ಗೆಣಸು ಇರಬೇಕೆಂದುಕೊಂಡೆ. ಸಂಜೆ ಹೆಂಗಸರು ರೇಷ್ಮೆ ಸೀರೆ ಉಟ್ಟು, ತಟ್ಟೆಗಳ ಮೇಲೆ ಕೈವಸ್ತ್ರ ಮುಚ್ಚಿಕೊಂಡು ಪಡಸಾಲೆಗೆ ಬಂದರು. ಅವ್ವ ಮಡಿಸೀರೆಯಲ್ಲೇ ನಮ್ಮ ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದಳು, ಎದುರಿಗೆ ಬುಲೆಟ್. ಅವಳ ಕೈಯಲ್ಲಿ ಒಂದು ಮೊಟ್ಟೆ.

ಜನ್ಮದಲ್ಲಿ ಮೊದಲ ಸಲ ಮೊಟ್ಟೆ ಹಿಡಿದ ಕೈ. ಅಂದಿನವರೆಗೆ ತತ್ತಿ ಎಂಬ ಮಾತನ್ನೂ ಬಾಯಲ್ಲಿ ಆಡಿದವಳಲ್ಲ. ಅದನ್ನು ಒಡೆಯಬೇಕೆಂದು ಅವಳಿಗೆ ಗೊತ್ತಿರಲಿಲ್ಲ. ಬೇಯಿಸಿದ ಆಲೂಗಡ್ಡೆ ಸುಲಿಯುವಂತೆ ಉಗುರಿನಿಂದ ಕೆರೆಯುತ್ತಿದ್ದಳು. ಸಿಪ್ಪೆ ಚೂರುಚೂರಾಗಿ ಅವಳ ಮಡಿಯ ಮೇಲೆ ಉದುರಿತು. ವಾಸನೆಗೆ ಅವಳ ಮುಖ ಕಿವುಚಿತು, ಕೈ ಮಾತ್ರ ನಿಲ್ಲಲಿಲ್ಲ. ಕೊನೆಗೆ ಬೆಳ್ಳಗಾದ ಮೊಟ್ಟೆಯನ್ನು ಅಂಗೈಯಲ್ಲಿಟ್ಟು ಚಾಚಿದಳು. ಬುಲೆಟ್ ಒಂದೇ ಗುಕ್ಕಿಗೆ ನುಂಗಿ ಅವಳ ಅಂಗೈ ನೆಕ್ಕಿದ. ಅವಳು ಇನ್ನೊಂದನ್ನು ಎತ್ತಿಕೊಂಡಳು.

ಹಿಂದಿನ ಸಾಲಿನಲ್ಲಿದ್ದವರು ಮೊದಲು ಸರಿದರು. ಜೋಶಿ ಕಾಕು ಮಾತ್ರ ನಿಂತಿದ್ದರು, ಆಜಿ, ಗುರುವಾರ ಇದೇನು ಮಾಡುತ್ತಿದ್ದೀರಿ ಎಂದು ಮೆಲ್ಲನೆ ಕೇಳಿದರು. ಅವ್ವ ತಲೆಯೆತ್ತದೆ ತನ್ನ ವಿಜಯಪುರದ ಮರಾಠಿಯಲ್ಲಿ, ತಾಯಿ, ಇದು ನಾಯಿ, ಮೊಟ್ಟೆ ತಿನ್ನುತ್ತದೆ ಎಂದಳು. ಕಾಕು ತಟ್ಟೆಯ ಮೇಲಿನ ವಸ್ತ್ರ ಸರಿಪಡಿಸಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಆ ಬಾಗಿಲಿನ ಸದ್ದಿನಲ್ಲಿ, ಬೇರೆ ಮನೆ ನೋಡಿಕೊಳ್ಳಿ ಎಂಬ ಜೋಶಿ ಕಾಕಾರ ಹಳೆಯ ಮಾತೂ ಸೇರಿತ್ತು.

ನಾನು ಅವ್ವನ ಪಕ್ಕ ಕೂತೆ. ಹೇಳಿದ್ದರೆ ಇದನ್ನು ಸುಧಾ ತಿನ್ನಿಸುತ್ತಿದ್ದಳಲ್ಲ, ನೀನೇಕೆ ಮೈಲಿಗೆ ಮಾಡಿಕೊಂಡೆ ಎಂದೆ.

"ಸುಧಾ ತಿನ್ಸಿದ್ರ ಪಾಪ ಆಕಿ ತಲಿಮ್ಯಾಲ ಹೋಗ್ತಿತ್ತು, ಇವಾ ದೇವರಾಗೇ ಉಳೀತಿದ್ದ" ಅಂದಳು ಅವ್ವ. "ಮಡಿ ಮುದುಕಿ ಕೈಲೆ ತಿಂದ್ರನ ಮಂದಿ ನಂಬ್ತಾರ."

ಮನೆ ಬಿಡಿಸುತ್ತಾರೆ ಅವ್ವ, ಎಂದೆ.

"ಬಿಡಸ್ಲಿ. ಮನಿ ಇನ್ನೊಂದ ಸಿಗತದ. ದೇವರಾದ್ರ ಇವಾ ಈ ಬ್ಯಾಸಗಿ ದಾಟೂದಿಲ್ಲೋ ಗೋವಿಂದ. ನಾಯಿ ಆಗೇ ಇರ್ಲಿ."

ಅಷ್ಟು ಹೇಳಿ ಅವಳು ಮೊಣಕಾಲು ಹಿಡಿದುಕೊಂಡು ಎದ್ದು ತಲೆಸ್ನಾನಕ್ಕೆ ಹೋದಳು. ಬಹಳ ಹೊತ್ತು ನೀರು ಸುರಿದುಕೊಳ್ಳುವ ಸದ್ದು ಕೇಳುತ್ತಿತ್ತು. ನಾನು ಉದುರಿದ ಸಿಪ್ಪೆಗಳನ್ನು ಆರಿಸುತ್ತ ಕೂತಿದ್ದೆ. ನೀರಿನ ಸದ್ದು ನಿಂತಿತು. ಬಚ್ಚಲಿನೊಳಗಿನಿಂದಲೇ ಅವ್ವ ಕೂಗಿ ಕೇಳಿದಳು:

"ಗೋವಿಂದ, ನಾಳಿಗೆ ತತ್ತಿ ಅದಾವೇನೋ?"